ಕಾಯಿಲೆಯವನ ದುಡಿಮೆ ಮತ್ತು ತವಕ್ಕುಲ್

ಕಳೆದ ರಮಝಾನ್ ಮುಗಿದ ಮೇಲೆ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮದ್ರಸದ ಜಗಲಿಗೆ ಬಂದು ಕುಳಿತ. ವಯಸ್ಸು ಇಪ್ಪತ್ತಮೂರು. ಹನ್ನೊಂದನೆಯ ವಯಸ್ಸಿನಿಂದ ಅವನಿಗೆ ಟೈಪ್ 1 ಸಕ್ಕರೆ ಕಾಯಿಲೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾನೆ.

"ಉಸ್ತಾದರೇ, ಎರಡು ಕೆಲಸ ಸಿಕ್ಕಿದೆ. ಒಂದು ಗಲ್ಫಿನಲ್ಲಿ, ಸರಕು ಗಾಡಿಯ ಡ್ರೈವರ್. ಸಂಬಳ ಇಲ್ಲಿನ ಮೂರು ಪಟ್ಟು. ಇನ್ನೊಂದು ಪೇಟೆಯ ಬಟ್ಟೆ ಮಳಿಗೆಯಲ್ಲಿ ಲೆಕ್ಕ ಬರೆಯುವುದು. ಹದಿನಾಲ್ಕು ಸಾವಿರ, ಇ.ಎಸ್.ಐ. ಉಂಟು. ರೋಗದ ವಿಷಯ ಬಾಯಿ ಬಿಡಬೇಡ, ಅಲ್ಲಾಹನ ಮೇಲೆ ಭಾರ ಹಾಕಿ ಗಲ್ಫಿಗೆ ಹೊರಡು ಅಂತ ಮಾವ ಹೇಳುತ್ತಾರೆ. ನೀವೇನು ಹೇಳುತ್ತೀರಿ?"

ತಂಗಿಯ ಮದುವೆಯ ಸಾಲ ಆ ಮನೆಯ ಮೇಲಿರುವುದು ನನಗೆ ಗೊತ್ತಿತ್ತು. ಆದ್ದರಿಂದ ಕೂಡಲೇ ಉತ್ತರ ಹೇಳಲಾಗಲಿಲ್ಲ.

ಅಲ್ಲಾಹನ ಮೇಲೆ ಭಾರ ಹಾಕುವುದೆಂದರೆ ಏನು? ಒಂಟೆಯನ್ನು ಕಟ್ಟಿ ಭರವಸೆ ಇಡಲೋ, ಬಿಟ್ಟು ಭರವಸೆ ಇಡಲೋ ಎಂದು ಕೇಳಿದವನಿಗೆ, ಮೊದಲು ಕಟ್ಟು, ಆಮೇಲೆ ಭರವಸೆ ಇಡು ಎಂಬರ್ಥದ ಉತ್ತರವನ್ನು ಪ್ರವಾದಿವರ್ಯರು(ಸ) ಕೊಟ್ಟದ್ದು ನಮಗೆಲ್ಲ ತಿಳಿದಿದೆ. ಈ ಯುವಕನ ಒಂಟೆ ಅವನ ದೇಹವೇ. ಇನ್ಸುಲಿನ್ ತೆಗೆದುಕೊಂಡವನು ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಬೆವರು, ನಡುಕ, ಮಂಕು, ಕೊನೆಗೆ ಪ್ರಜ್ಞೆ ತಪ್ಪುವುದು. ಮಳಿಗೆಯ ಕುರ್ಚಿಯಲ್ಲಿ ಹೀಗಾದರೆ ಪಕ್ಕದವನು ಸಕ್ಕರೆ ನೀರು ಕುಡಿಸಿಯಾನು. ಹೆದ್ದಾರಿಯಲ್ಲಿ ಚಕ್ರ ಹಿಡಿದಿರುವಾಗ ಆದರೆ? ಅಲ್ಲಿ ಅಪಾಯಕ್ಕೆ ಸಿಲುಕುವುದು ಅವನೊಬ್ಬನ ಜೀವ ಮಾತ್ರವಲ್ಲ. ಅದೂ ಅಲ್ಲದೆ, ಇನ್ಸುಲಿನ್ ಸುಡುಬಿಸಿಲನ್ನು ತಾಳದು. ಬಿಸಿಲಿಗೆ ನಿಂತ ಗಾಡಿಯೊಳಗೆ ಅದು ಕೆಟ್ಟುಹೋಗುತ್ತದೆ.

ರೋಗವನ್ನು ಮುಚ್ಚಿಡಬಹುದೇ ಎಂಬ ಪ್ರಶ್ನೆಗೂ ಉತ್ತರ ಇಲ್ಲಿಯೇ ಸಿಗುತ್ತದೆ. ತನ್ನ ಕಾಯಿಲೆಯನ್ನು ಊರಿಗೆಲ್ಲ ಸಾರುವ ಹೊಣೆ ಯಾರ ಮೇಲೂ ಇಲ್ಲ. ಆದರೆ ಯಾವ ಮೌನದಿಂದ ಇನ್ನೊಬ್ಬರಿಗೆ ಹಾನಿಯಾಗುವುದೋ ಆ ಮೌನ ವಂಚನೆಯಾಗುತ್ತದೆ. ದುಡಿಮೆಯೆಂಬುದು ಒಂದು ಕರಾರು, ಅಮಾನತ್ತು. ಮುಚ್ಚಿಟ್ಟು ಪಡೆದ ಚಾಲಕನ ಕೆಲಸದಲ್ಲಿ ಮೊದಲ ದಿನದಿಂದಲೇ ಅದು ಮುರಿದಿರುತ್ತದೆ.

"ಹಾಗಾದರೆ ಕಡಿಮೆ ದುಡಿಯುವ ನಾನು ಮನೆಗೆ ದ್ರೋಹ ಮಾಡಿದಂತಾಗುವುದಿಲ್ಲವೇ?" ಎಂದು ಅವನು ಕೇಳಿದ. ಅವನನ್ನು ನಿಜವಾಗಿ ಕೊರೆಯುತ್ತಿದ್ದದ್ದು ಇದೇ. ಪವಿತ್ರ ಕುರ್‌ಆನ್ ರೋಗಿಗೆ ರಮಝಾನಿನ ಉಪವಾಸದಲ್ಲಿ ರಿಯಾಯಿತಿ ನೀಡಿ, ಬೇರೆ ದಿನಗಳಲ್ಲಿ ಪೂರೈಸಲು ಹೇಳಿದೆ. ಕರ್ತವ್ಯ ಉಳಿಯಿತು, ದಿನ ಬದಲಾಯಿತು. ಇಮ್ರಾನ್ ಬಿನ್ ಹುಸೈನ್(ರ)ರಿಗೆ ಮೂಲವ್ಯಾಧಿಯಿತ್ತು. ನಿಂತು ನಮಾಝ್ ಮಾಡಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ಮಾಡುವಂತೆ ಪ್ರವಾದಿವರ್ಯರು(ಸ) ಅವರಿಗೆ ಹೇಳಿದರು. ಆರಾಧನೆಯಲ್ಲೇ ಶಕ್ತಿಗೆ ತಕ್ಕ ಅಳತೆ ಇರುವಾಗ ಸಂಪಾದನೆಯಲ್ಲಿ ಇಲ್ಲವೆಂದು ಹೇಳುವವರು ಯಾರು?

ಸಂಬಳವನ್ನು ಕೂಡ ಸರಿಯಾಗಿ ಲೆಕ್ಕ ಹಾಕಬೇಕು. ಇ.ಎಸ್.ಐ.ಗೆ 2019ರಲ್ಲಿ ನಿಗದಿಯಾದ ದರದಂತೆ ನೌಕರನ ವಂತಿಗೆ ಶೇ. 0.75. ಹದಿನಾಲ್ಕು ಸಾವಿರದಲ್ಲಿ ಅವನ ಕೈಯಿಂದ ಹೋಗುವುದು 105 ರೂಪಾಯಿ. ಮಾಲಕರು ಶೇ. 3.25, ಅಂದರೆ 455 ರೂಪಾಯಿ ಕಟ್ಟುತ್ತಾರೆ. ಅದಕ್ಕೆ ಪ್ರತಿಯಾಗಿ ಅವನಿಗೂ ಅವನನ್ನು ಅವಲಂಬಿಸಿರುವ ತಾಯಿಗೂ ಚಿಕಿತ್ಸೆ ದೊರೆಯುತ್ತದೆ. ನಿಗದಿತ ದಿನಗಳ ವಂತಿಗೆ ಪಾವತಿಯಾಗಿದ್ದರೆ, ಕಾಯಿಲೆ ಮಲಗಿಸಿದಾಗ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ. 70ರಷ್ಟು ಸಿಗುತ್ತದೆ. ಜೀವಮಾನವಿಡೀ ಔಷಧ ಬೇಕಾದವನಿಗೆ ಇದೂ ಸಂಬಳದ ಒಂದು ಭಾಗವೇ.

ಹಾಗೆಂದು ಕಾಯಿಲೆಯವರು ಗಲ್ಫಿಗೆ ಹೋಗಬಾರದೆಂದು ನಾನು ಹೇಳುವುದಿಲ್ಲ. ರೋಗವನ್ನು ಹತೋಟಿಯಲ್ಲಿಟ್ಟುಕೊಂಡು, ವೈದ್ಯರನ್ನು ಕೇಳಿ, ಉಣ್ಣಲು ಹೊತ್ತು ಸಿಗುವ ಕೆಲಸಕ್ಕೆ ಮುಚ್ಚುಮರೆಯಿಲ್ಲದೆ ಹೋಗುವವನನ್ನು ಯಾರು ತಡೆಯಬೇಕು?

ಆದರೆ ಸತ್ಯ ಹೇಳಿದವನಿಗೆ ಕೆಲಸ ತಪ್ಪುವುದೂ ಉಂಟು. ಇಲ್ಲಿ ಪ್ರಶ್ನೆ ನಮ್ಮ ಕಡೆಗೆ ತಿರುಗುತ್ತದೆ. ರೋಗಿಗೆ ಸದಕ ಕೊಡಲು ಕೈ ಮುಂದೆ ಮಾಡುವ ನಾವು, ಅದೇ ರೋಗಿ ಕೆಲಸ ಕೇಳಿಕೊಂಡು ಬಂದರೆ ಬೇರೆಯವರನ್ನು ನೋಡುತ್ತೇವೆ. ಊಟಕ್ಕೆ ಅರ್ಧ ಗಂಟೆ, ಇನ್ಸುಲಿನ್ ಇಡಲು ಫ್ರಿಜ್ಜಿನ ಒಂದು ಮೂಲೆ. ಅವನಿಗೆ ಬೇಕಾದದ್ದು ಇಷ್ಟೇ. ಇದನ್ನು ಕೊಡಲಾರದ ಮಾಲಕನು ರೋಗಿಯ ಸುಳ್ಳನ್ನು ಹಳಿಯುವ ಮೊದಲು ತನ್ನನ್ನು ನೋಡಿಕೊಳ್ಳಲಿ.

ಇಷ್ಟನ್ನು ನಾನು ಹೇಳಿದೆ. ಅವನು ಒಂದು ವಾರ ಯೋಚಿಸಿ ಬಟ್ಟೆ ಮಳಿಗೆಗೆ ಸೇರಿದ. ಮಾಲಕರಿಗೂ ಪಕ್ಕದಲ್ಲಿ ಕುಳಿತುಕೊಳ್ಳುವವನಿಗೂ ವಿಷಯ ತಿಳಿಸಿದ. ಮಾವನಿಗೆ ಇಂದಿಗೂ ಸಮಾಧಾನವಿಲ್ಲ. ಸಾಲ ಹಾಗೆಯೇ ಉಳಿದಿತ್ತು. ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕೆಂಬ ಕುರ್‌ಆನಿನ ಆದೇಶವನ್ನು ಮಕ್ಕಳಿಗೆ ಎಷ್ಟೋ ಸಲ ಪಾಠ ಮಾಡಿದವನು ನಾನು. ಈ ಸಲ ಅದನ್ನು ಹೇಳಲು ಅವನ ಜೊತೆಗೆ ಸಾಲ ಕೊಟ್ಟವರ ಮನೆಗೆ ಹೋದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಎರಡು ವರ್ಷಗಳ ಅವಧಿಗೆ ಒಪ್ಪಿದರು. ಕಡಿಮೆ ಸಂಬಳದ ದಾರಿಯನ್ನು ತೋರಿಸಿದವನು ಆ ದಾರಿಯಲ್ಲಿ ನಾಲ್ಕು ಹೆಜ್ಜೆಯಾದರೂ ಜೊತೆಗೆ ನಡೆಯಬೇಕಲ್ಲವೇ?