ನಾಯಿಗೆ ನೆಟ್ಟ ಕಲ್ಲು

ಕ್ರಿ.ಶ. 949-50ರ ಆತಕೂರು ಶಾಸನ ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರ ಮೇಲೆ ದಂಡೆತ್ತಿ ಹೋದದ್ದು, ತಕ್ಕೋಲದ ಕಾಳಗದಲ್ಲಿ ಗಂಗರ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದದ್ದು ಎಲ್ಲವೂ ಅದರಲ್ಲಿದೆ. ಆದರೆ ಕಲ್ಲಿನ ನೆತ್ತಿಯಲ್ಲಿ ಕೆತ್ತಿರುವುದು ರಾಜರನ್ನಲ್ಲ. ಕಾದಾಡುತ್ತಿರುವ ಒಂದು ನಾಯಿ, ಒಂದು ಕಾಡುಹಂದಿ!

ಬೂತುಗನ ಬಂಟ ಮಣಲೇರ. ಅವನ ಸಾಹಸಕ್ಕೆ ಮೆಚ್ಚಿದ ಒಡೆಯ ಬೇಕಾದ್ದು ಕೇಳಿಕೊ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೊಂದು ದಿನ ದೊಡ್ಡ ಹಂದಿಯ ಮೇಲೆರಗಿತು; ಎರಡೂ ಒಟ್ಟಿಗೇ ಸತ್ತವು. ಆತಕೂರಿನ ಚೆಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಂತಿತು, ಅದರ ಹೆಸರಿಗೆ ಭೂಮಿಯೂ ಸಂದಿತು. ಜೊತೆಗೆ ಒಂದು ಕಟ್ಟಳೆ: ದೇಗುಲ ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ಆ ನಾಯಿಯ ಪಾಪ ಅವನಿಗೆ.

ನಾನು ಬೆರಗಾಗುವುದು ಈ ಕಟ್ಟಳೆಗೆ. ಕಲ್ಲು ತಾನಾಗಿ ಏನನ್ನೂ ನೆನೆಯುವುದಿಲ್ಲವೆಂದು ಅವರು ಬಲ್ಲರು. ಆದ್ದರಿಂದಲೇ ನೆನಪನ್ನು ಒಬ್ಬ ಮನುಷ್ಯನ ದಿನದಿನದ ಹಸಿವಿಗೆ ಕಟ್ಟಿಹಾಕಿದರು.

ನಾನಿರುವ ನ್ಯೂಜೆರ್ಸಿಯಿಂದ ಹಡ್ಸನ್ ದಾಟಿದರೆ ಮ್ಯಾನ್‌ಹ್ಯಾಟನ್. ಅಲ್ಲಿಯ ಸೆಂಟ್ರಲ್ ಪಾರ್ಕಿನಲ್ಲಿ ಬಾಲ್ಟೋ ಎಂಬ ನಾಯಿಯ ಕಂಚಿನ ಪ್ರತಿಮೆ ಇದೆ. 1925ರ ಚಳಿಗಾಲದಲ್ಲಿ ಅಲಾಸ್ಕಾದ ನೋಮ್ ಊರಿಗೆ ಗಂಟಲುಮಾರಿ ಬಿದ್ದಿತ್ತು. ಇಪ್ಪತ್ತು ಜನ ಸರದಿಯಲ್ಲಿ ನಾಯಿಬಂಡಿ ಹೊಡೆದು, ಸುಮಾರು 1,085 ಕಿ.ಮೀ. ಹಿಮ ದಾಟಿಸಿ ಔಷಧ ಮುಟ್ಟಿಸಿದರು. ಕೊನೆಯ ಬಂಡಿಯ ಮುಂದಾಳು ಬಾಲ್ಟೋ. ಅದೇ ವರ್ಷ ಡಿಸೆಂಬರಿನಲ್ಲಿ ಪ್ರತಿಮೆ ಎದ್ದಿತು, ಅನಾವರಣಕ್ಕೆ ಬಾಲ್ಟೋ ತಾನೇ ಬಂದಿತ್ತು. ಆದರೆ ಎಲ್ಲಕ್ಕಿಂತ ದೂರದ, ಅಪಾಯದ ಹಾದಿ ಓಡಿದ್ದು ಟೋಗೋ ಎಂಬ ಇನ್ನೊಂದು ನಾಯಿ. ಅದೇ ಮ್ಯಾನ್‌ಹ್ಯಾಟನ್ನಿನ ಸೂವರ್ಡ್ ಪಾರ್ಕಿನಲ್ಲಿ ಅದರ ಪ್ರತಿಮೆ ನಿಲ್ಲಲು 2001 ಬರಬೇಕಾಯಿತು. ನೆನಪಿನ ನ್ಯಾಯ ಕೆಲವೊಮ್ಮೆ ಇಷ್ಟು ತಡ. ಬಾಲ್ಟೋನ ಬೆನ್ನು ಮಾತ್ರ ಹೊಸ ಕೊಡದಂತೆ ಫಳಫಳ ಹೊಳೆಯುತ್ತದೆ. ನೂರು ವರ್ಷಗಳಿಂದ ಮಕ್ಕಳು ಹತ್ತಿ ಕೂತು ಉಜ್ಜಿದ ಹೊಳಪು. ಆ ಮಕ್ಕಳೇ ಅಲ್ಲಿಯ ಗೊರವರು.

ಮ್ಯಾನ್‌ಹ್ಯಾಟನ್ ದ್ವೀಪದ ದಕ್ಷಿಣದ ತುದಿಯ ಹತ್ತಿರ, ದಾಳಿಯಲ್ಲಿ ಉರುಳಿದ ಅವಳಿ ಗೋಪುರಗಳಿದ್ದ ಜಾಗದಲ್ಲಿ ಎರಡು ಕೊಳಗಳಿವೆ. ಸುತ್ತಲಿನ ಕಂಚಿನಲ್ಲಿ ಸತ್ತವರ 2,983 ಹೆಸರು. ಗೆಳೆಯರು, ಒಟ್ಟಿಗೆ ದುಡಿದವರು ಅಕ್ಕಪಕ್ಕ ಬರುವಂತೆ, ಮನೆಯವರ ಕೋರಿಕೆಯನ್ನೂ ಕೇಳಿ ಜೋಡಿಸಿದ್ದಾರೆ. ಆಯಾ ದಿನ ಯಾರ ಹುಟ್ಟುಹಬ್ಬವೋ ಅವರ ಹೆಸರಿನ ಕೊರೆದ ಅಕ್ಷರದಲ್ಲಿ ಒಂದು ಬಿಳಿ ಗುಲಾಬಿ ಸಿಕ್ಕಿಸುತ್ತಾರೆ. ಸತ್ತ ದಿನ ಬಹುತೇಕ ಎಲ್ಲರಿಗೂ ಒಂದೇ ಆದವರಿಗೆ ಹುಟ್ಟಿದ ದಿನವನ್ನು ಬಿಡಿಬಿಡಿಯಾಗಿ ಹಿಂದಿರುಗಿಸುವ ಆ ಕೈಗಳನ್ನು ನೆನೆದರೆ ಗಂಟಲು ಕಟ್ಟುತ್ತದೆ.

ಆತಕೂರಿನ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಳೆ ಬಿಸಿಲಿನಿಂದ ಉಳಿಯಿತು, ಸಂತೋಷವೇ. ಆದರೆ ಅದಕ್ಕಾಗಿ ಊಟ ತಡಮಾಡುವವರು ಯಾರೂ ಇಲ್ಲ. ಬೇಸಿಗೆ ರಜೆಗೆ ಅಮೆರಿಕದಿಂದ ಊರಿಗೆ ಹೊರಡುವ ಅಪ್ಪ ಅಮ್ಮಂದಿರಲ್ಲಿ ಕೇಳಿಕೊಳ್ಳುತ್ತೇನೆ: ಒಂದು ಬೆಳಿಗ್ಗೆ ಮಕ್ಕಳನ್ನು ಆ ಕಲ್ಲಿನೆದುರು ನಿಲ್ಲಿಸಿ ಕಾಳಿಯ ಕಥೆ ಹೇಳಿ, ಊಟಕ್ಕೆ ಆಮೇಲೆ ಹೋಗಿ.