ಪೌರನೀತಿಯ ಬೋಧನೆಯಲ್ಲಿ ಪೂರ್ವಪಕ್ಷದ ಸ್ಥಾನ

ಹಿಂದೆ ನಮ್ಮ ಪ್ರೌಢಶಾಲೆಗಳಲ್ಲಿ ‘ಪೌರನೀತಿ’ ಎಂಬ ಹೆಸರಿನ ಪಾಠವೊಂದಿತ್ತು. ಈಗ ಅದು ಸಮಾಜ ವಿಜ್ಞಾನದ ಪುಸ್ತಕದೊಳಗೆ ‘ರಾಜ್ಯಶಾಸ್ತ್ರ’ವೆಂಬ ಒಂದು ವಿಭಾಗವಾಗಿದೆ. ಹೆಸರಿನ ಈ ವ್ಯತ್ಯಾಸ ಅಲ್ಪವೆಂದು ಕೆಲವರಿಗೆ ತೋರಬಹುದು. ಆದರೆ ಶಾಸ್ತ್ರವನ್ನು ಓದಿ ತಿಳಿಯಬಹುದು. ನೀತಿಯನ್ನು ನಡೆದು ತಿಳಿಯಬೇಕಾಗುತ್ತದೆ. ನಡೆಯಬೇಕಾದುದನ್ನು ನಾಲ್ಕು ಗೋಡೆಗಳ ನಡುವೆ, ನಲವತ್ತು ನಿಮಿಷಗಳ ಅವಧಿಯಲ್ಲಿ, ಪರೀಕ್ಷೆಯನ್ನು ಮುಂದಿಟ್ಟುಕೊಂಡು ಕಲಿಸಲು ಸಾಧ್ಯವೇ? ಸಾಧ್ಯವಾದರೆ ಯಾವ ಕ್ರಮದಿಂದ? ಈ ಪ್ರಶ್ನೆ ಉಪಾಧ್ಯಾಯರಿಗೆ ಮಾತ್ರ ಸೇರಿದ್ದಲ್ಲ. ಮಕ್ಕಳನ್ನು ಶಾಲೆಗೆ ಕಳುಹಿಸುವ ತಂದೆತಾಯಿಗಳೂ ಶಾಲೆಗಳನ್ನು ನಡೆಸುವ ಮಠಗಳೂ ಇದನ್ನು ಯೋಚಿಸಬೇಕು.

ಯೋಚಿಸಲು ಕಾರಣವೂ ಇದೆ. 21 ವರ್ಷವಿದ್ದ ಮತದಾನದ ವಯಸ್ಸು ಸಂವಿಧಾನದ 61ನೆಯ ತಿದ್ದುಪಡಿಯಿಂದ 1989ರಲ್ಲಿ 18ಕ್ಕೆ ಇಳಿಯಿತು. ಹತ್ತನೆಯ ತರಗತಿಯ ಬೆಂಚಿನ ಮೇಲೆ ಕುಳಿತಿರುವ ಬಾಲಕ ಬಾಲಕಿಯರು ಇನ್ನೆರಡು ಮೂರು ವರ್ಷಗಳಲ್ಲಿ ಈ ದೇಶದ ಒಡೆತನದಲ್ಲಿ ಪಾಲುಗಾರರಾಗುತ್ತಾರೆ. ಮುಂದೆ ವಿಜ್ಞಾನವನ್ನೋ ವಾಣಿಜ್ಯವನ್ನೋ ತೆಗೆದುಕೊಳ್ಳುವವರಿಗೆ, ಓದನ್ನೇ ನಿಲ್ಲಿಸುವವರಿಗೆ, ಪ್ರೌಢಶಾಲೆಯ ಈ ಕೆಲವು ಪಾಠಗಳೇ ಸಂವಿಧಾನದೊಡನೆ ಮೊದಲ ಪರಿಚಯ. ಬಹುಮಟ್ಟಿಗೆ ಕೊನೆಯ ಪರಿಚಯವೂ ಹೌದು.

ಆ ಪರಿಚಯ ಈಗ ಹೇಗೆ ಆಗುತ್ತಿದೆ? ಸಂವಿಧಾನ ಅಂಗೀಕಾರವಾದಾಗ 395 ವಿಧಿಗಳೂ 8 ಅನುಸೂಚಿಗಳೂ ಇದ್ದವು. ಸಂವಿಧಾನ ಸಭೆ 1946ರ ಡಿಸೆಂಬರ್ 9ರಂದು ಮೊದಲು ಸೇರಿತು. 1949ರ ನವೆಂಬರ್ 26ರಂದು ಸಂವಿಧಾನವನ್ನು ಅಂಗೀಕರಿಸಿತು. 1950ರ ಜನವರಿ 26ರಂದು ಅದು ಜಾರಿಗೆ ಬಂದಿತು. ಇವನ್ನು ಮಕ್ಕಳು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೆ ಆ ಮೂರು ವರ್ಷಗಳ ಕಾಲ ಸಭೆ ಸೇರಿದವರು ಏನು ಮಾಡುತ್ತಿದ್ದರು, ಯಾವ ವಿಷಯದಲ್ಲಿ ಯಾರಿಗೆ ಯಾರು ಎದುರಾಡಿದರು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪ್ರಸ್ತಾವನೆಯನ್ನು ಓದಿಸಬೇಕೆಂದು ನಮ್ಮ ರಾಜ್ಯ ಸರ್ಕಾರ 2023ರಲ್ಲಿ ನಿರ್ಧರಿಸಿತು. ಇದು ಒಳ್ಳೆಯದೇ. ಆದರೆ ಅರ್ಥಾನುಸಂಧಾನವಿಲ್ಲದ ಪಠಣ ಎಷ್ಟೇ ಪವಿತ್ರವಾದ ಮಾತಿನದಾದರೂ ಗಿಳಿಪಾಠವಾಗುತ್ತದೆಂಬುದನ್ನು ನಮ್ಮ ಹಿರಿಯರು ಮಂತ್ರಗಳ ವಿಷಯದಲ್ಲಿಯೇ ಹೇಳಿದ್ದಾರೆ.

ಈ ಕೊರತೆಗೆ ಪರಿಹಾರವನ್ನು ಬಹುದೂರ ಹುಡುಕಬೇಕಾಗಿಲ್ಲ. ನಮ್ಮ ಸಾಂಪ್ರದಾಯಿಕ ಪಾಠಶಾಲೆಗಳಲ್ಲಿ ಶಾಸ್ತ್ರವನ್ನು ಕಲಿಸುವ ಕ್ರಮವೊಂದಿದೆ. ಸಿದ್ಧಾಂತವನ್ನು ನೇರವಾಗಿ ಹೇಳುವುದಿಲ್ಲ. ಮೊದಲು ಸಂಶಯವನ್ನು ಎತ್ತುತ್ತಾರೆ. ಅನಂತರ ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಅವನೇ ಬಂದು ಹೇಳಿದರೂ ಅದಕ್ಕಿಂತ ಚೆನ್ನಾಗಿ ಹೇಳಲಾರನೆಂಬಷ್ಟು ಪೂರ್ಣವಾಗಿ ನಿರೂಪಿಸುತ್ತಾರೆ. ಅದನ್ನು ದಾಟಿದ ಮೇಲೆಯೇ ಸಿದ್ಧಾಂತ. ಪೂರ್ವಪಕ್ಷವನ್ನು ತಿಳಿಯದೆ ಸಿದ್ಧಾಂತವನ್ನು ಒಪ್ಪಿದವನ ಒಪ್ಪಿಗೆ, ಮೊದಲ ಎದುರುಮಾತಿಗೇ ಅಲುಗಾಡುತ್ತದೆ. ಸಂವಿಧಾನವನ್ನು ಅದರ ಪೂರ್ವಪಕ್ಷಗಳೊಡನೆ ಬೋಧಿಸಬೇಕೆಂಬುದೇ ಇಲ್ಲಿ ವಾಚಕರ ಮುಂದಿಡುವ ವಿಚಾರ.

ಸಂವಿಧಾನ ಸಭೆಯಲ್ಲಿ ಪೂರ್ವಪಕ್ಷಗಳಿಗೆ ಕೊರತೆಯಿರಲಿಲ್ಲ. ಕರಡಿಗೆ ಬಂದ ತಿದ್ದುಪಡಿ ಸೂಚನೆಗಳು 7,635. ಸಭೆಯಲ್ಲಿ ವಾಸ್ತವವಾಗಿ ಮಂಡಿತವಾದವು 2,473. ಮೈಸೂರಿನಿಂದ ಹೋಗಿದ್ದ ಕೆಂಗಲ್ ಹನುಮಂತಯ್ಯನವರು 1949ರ ನವೆಂಬರಿನಲ್ಲಿ ಮಾತನಾಡುತ್ತ, ತಾವು ಬಯಸಿದ್ದು ವೀಣೆಯ ನಾದ, ದೊರೆತದ್ದು ಇಂಗ್ಲಿಷ್ ಬ್ಯಾಂಡಿನ ವಾದ್ಯವೆಂಬ ಅರ್ಥದಲ್ಲಿ ಆಕ್ಷೇಪವೆತ್ತಿದರು. ಅವರೇ 1952ರಲ್ಲಿ ಅದೇ ಸಂವಿಧಾನದ ಅಡಿಯಲ್ಲಿ ಮೈಸೂರಿನ ಮುಖ್ಯಮಂತ್ರಿಗಳಾದರು. ಶಾಸಕಾಂಗಕ್ಕಾಗಿ ವಿಧಾನಸೌಧವನ್ನು ಕಟ್ಟಿಸಿದರು. ತನ್ನ ಅಭಿಪ್ರಾಯಕ್ಕೆ ಮನ್ನಣೆ ದೊರೆಯದಿದ್ದರೂ ಒಟ್ಟಾಗಿ ಕೈಗೊಂಡ ನಿರ್ಣಯಕ್ಕೆ ನಿಷ್ಠೆಯಿಂದ ದುಡಿಯುವುದು ಹೇಗೆಂಬುದಕ್ಕೆ ನಮ್ಮ ಮಕ್ಕಳಿಗೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕೇ?

ಇನ್ನೊಂದು ವಾದವನ್ನು ತುಸು ವಿಸ್ತಾರವಾಗಿ ನೋಡೋಣ. 1948ರ ನವೆಂಬರ್ 4ರಂದು ಡಾ. ಅಂಬೇಡ್ಕರರು ಕರಡನ್ನು ಸಭೆಯ ಮುಂದಿಟ್ಟಾಗ, ಹಳ್ಳಿಯನ್ನು ಆಧಾರವಾಗಿಟ್ಟುಕೊಂಡು ಸಂವಿಧಾನವನ್ನು ಕಟ್ಟಬೇಕಿತ್ತೆಂಬ ಟೀಕೆಗೆ ಉತ್ತರ ಕೊಟ್ಟರು. ಹಳ್ಳಿ ಸಂಕುಚಿತ ದೃಷ್ಟಿಯ, ಅಜ್ಞಾನದ, ಪಂಗಡ ಮನೋಭಾವದ ನೆಲೆಯಾಗಿದೆಯೆಂದೂ, ಕರಡು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಸ್ವೀಕರಿಸಿದ್ದು ತಮಗೆ ಸಂತೋಷವೆಂದೂ ಅವರು ಸ್ಪಷ್ಟವಾಗಿ ಹೇಳಿದರು. ಎಚ್. ವಿ. ಕಾಮತ್, ಎನ್. ಜಿ. ರಂಗಾ ಮೊದಲಾದವರು ಇದನ್ನು ಬಲವಾಗಿ ವಿರೋಧಿಸಿದರು. ಗಾಂಧೀಜಿಯವರು ಗತಿಸಿ ಆಗ ಇನ್ನೂ ವರ್ಷವಾಗಿರಲಿಲ್ಲ. ಗ್ರಾಮಸ್ವರಾಜ್ಯ ಅವರ ಜೀವಮಾನದ ಕನಸಾಗಿತ್ತು. ನವೆಂಬರ್ 22ರಂದು ಕೆ. ಸಂತಾನಂ ಅವರು ಗ್ರಾಮ ಪಂಚಾಯಿತಿಗಳನ್ನು ಸಂಘಟಿಸುವುದು ರಾಜ್ಯದ ಕರ್ತವ್ಯವೆಂಬ ತಿದ್ದುಪಡಿಯನ್ನು ತಂದರು. ಅಂಬೇಡ್ಕರರು ಅದನ್ನು ಒಪ್ಪಿದರು. ಅದೇ ಇಂದಿನ 40ನೆಯ ವಿಧಿ. ಸರಿಯಾಗಿ ಒಂದು ವಾರದ ಬಳಿಕ, ನವೆಂಬರ್ 29ರಂದು, ಅದೇ ಸಭೆ ಅಸ್ಪೃಶ್ಯತೆಯನ್ನು ರದ್ದುಪಡಿಸುವ ವಿಧಿಯನ್ನು ಅಂಗೀಕರಿಸಿತು. ಅದು ಇಂದಿನ 17ನೆಯ ವಿಧಿ.

ನಮ್ಮ ಪಾಠಕ್ರಮದಲ್ಲಿ 17ನೆಯ ವಿಧಿ ಮೂಲಭೂತ ಹಕ್ಕುಗಳ ಕೆಳಗೆ, 40ನೆಯ ವಿಧಿ ರಾಜ್ಯನೀತಿ ನಿರ್ದೇಶಕ ತತ್ತ್ವಗಳ ಕೆಳಗೆ ಬರುತ್ತವೆ. ವಿದ್ಯಾರ್ಥಿ ಎರಡನ್ನೂ ಬೇರೆ ಬೇರೆಯಾಗಿ ಬಾಯಿಪಾಠ ಮಾಡುತ್ತಾನೆ. ಎರಡೂ ಒಂದೇ ಪ್ರಶ್ನೆಯ ಎರಡು ಮುಖಗಳೆಂಬುದು ಅವನಿಗೆ ಹೊಳೆಯುವುದಿಲ್ಲ. ಹಳ್ಳಿಗೆ ಅಧಿಕಾರ ಕೊಡಬೇಕು. ಆದರೆ ಆ ಅಧಿಕಾರ ಊರಿನ ಕೈಯಲ್ಲಿ ಮಾತ್ರ ಉಳಿದು ಕೇರಿಯ ಮೇಲೆ ಬೀಳಬಾರದು. ಅಧಿಕಾರವನ್ನು ಹಂಚಬೇಕೆಂಬ ಗಾಂಧೀಜಿಯ ಆಸೆಗೂ ವ್ಯಕ್ತಿಯನ್ನು ಊರಿನಿಂದಲೇ ರಕ್ಷಿಸಬೇಕಾದೀತೆಂಬ ಅಂಬೇಡ್ಕರರ ಎಚ್ಚರಕ್ಕೂ ಸಂವಿಧಾನ ಒಂದೇ ಗ್ರಂಥದಲ್ಲಿ ಸ್ಥಾನ ಕೊಟ್ಟಿತು. ಕರ್ನಾಟಕದಲ್ಲಿ 1983ರ ಕಾಯಿದೆಯಿಂದ ಬಂದ ಮಂಡಲ ಪಂಚಾಯಿತಿಗಳು, ಅದಕ್ಕಾಗಿ ಶ್ರಮಿಸಿದ ಅಬ್ದುಲ್ ನಜೀರ್ ಸಾಬ್ ಅವರ ಪ್ರಯತ್ನ, 1993ರಲ್ಲಿ ಜಾರಿಯಾದ 73ನೆಯ ತಿದ್ದುಪಡಿ, ಅದರಲ್ಲಿ ಪರಿಶಿಷ್ಟರಿಗೂ ಮಹಿಳೆಯರಿಗೂ ದೊರೆತ ಮೀಸಲು ಸ್ಥಾನಗಳು, ಇವೆಲ್ಲವೂ 1948ರ ಆ ವಾದದ ಮುಂದುವರಿಕೆಯೇ ಆಗಿವೆ. ಶಾಲೆಯ ಪಕ್ಕದಲ್ಲಿರುವ ಪಂಚಾಯಿತಿ ಕಚೇರಿಯನ್ನು ನಿತ್ಯ ನೋಡುವ ಹುಡುಗಿಗೆ ಈ ಕಥೆಯನ್ನು ಹೇಳಿದರೆ, ಸಂವಿಧಾನ ದೆಹಲಿಯಿಂದ ಹಳ್ಳಿಗೆ ನಡೆದುಬಂದ ದಾರಿ ಅವಳಿಗೆ ಕಾಣುತ್ತದೆ.

ಆದರೆ ಇಲ್ಲಿಯೇ ಕಷ್ಟವಿರುವುದು. ಹಳ್ಳಿಯ ಶಾಲೆಯಲ್ಲಿ ಊರಿನ ಮಕ್ಕಳೂ ಕೇರಿಯ ಮಕ್ಕಳೂ ಒಂದೇ ಕೊಠಡಿಯಲ್ಲಿರುತ್ತಾರೆ. ಅಂಬೇಡ್ಕರರು ನಮ್ಮ ಊರನ್ನು ಕುರಿತು ಹೇಳಿದ್ದು ಸರಿಯೇ ಎಂಬ ಪ್ರಶ್ನೆ ಏಳದಿರದು. ಏಳಬಾರದೆಂದೇ ಎಷ್ಟೋ ಉಪಾಧ್ಯಾಯರು ವಿಧಿಯ ಸಂಖ್ಯೆಯನ್ನು ಹೇಳಿ ಮುಂದಕ್ಕೆ ಸಾಗುತ್ತಾರೆ. ಅವರ ಭಯ ನಿರಾಧಾರವಲ್ಲ. ಆದರೆ ಪ್ರಶ್ನೆಯನ್ನು ಮುಚ್ಚಿದರೆ ಕೇರಿಯ ಮಗುವಿಗೆ ಒಂದು ಪಾಠ ತಾನಾಗಿಯೇ ಆಗುತ್ತದೆ: ತನ್ನ ಅನುಭವ ಪುಸ್ತಕಕ್ಕೆ ಸೇರಿದ್ದಲ್ಲ ಎಂಬುದು. ಊರಿನ ಮಗುವಿಗೂ ಒಂದು ಪಾಠವಾಗುತ್ತದೆ: ಪುಸ್ತಕ ತನ್ನನ್ನು ಏನನ್ನೂ ಕೇಳುವುದಿಲ್ಲ ಎಂಬುದು. ಈ ಎರಡು ಮೌನಪಾಠಗಳಿಗಿಂತ ಒಂದು ಗಂಟೆಯ ಕಷ್ಟದ ಮಾತುಕತೆ ಮೇಲಲ್ಲವೇ?

ವಾದಗಳನ್ನು ತೆರೆದಿಟ್ಟರೆ ಸಂವಿಧಾನದ ಮೇಲಿನ ಗೌರವ ಕುಂದದೇ ಎಂದು ಕೇಳುವವರಿದ್ದಾರೆ. ಗೌರವವೆಂದರೆ ಯಾವುದೆಂಬುದನ್ನು ಮೊದಲು ನಿಶ್ಚಯಿಸಬೇಕು. 1985ರಲ್ಲಿ ಕೇರಳದ ಒಂದು ಶಾಲೆಯಿಂದ ಮೂವರು ಮಕ್ಕಳನ್ನು ಹೊರಹಾಕಲಾಯಿತು. ರಾಷ್ಟ್ರಗೀತೆಯ ಸಮಯದಲ್ಲಿ ಅವರು ಎಲ್ಲರಂತೆ ಎದ್ದು ನಿಲ್ಲುತ್ತಿದ್ದರು. ತಮ್ಮ ಧರ್ಮಶ್ರದ್ಧೆಯ ಕಾರಣದಿಂದ ಹಾಡುತ್ತಿರಲಿಲ್ಲ. ಸರ್ವೋಚ್ಚ ನ್ಯಾಯಾಲಯ 1986ರಲ್ಲಿ ಅವರನ್ನು ಶಾಲೆಗೆ ಮರಳಿ ಸೇರಿಸಿಕೊಳ್ಳಬೇಕೆಂದು ತೀರ್ಪಿತ್ತಿತು. ಗೌರವದಿಂದ ಎದ್ದು ನಿಂತವರು ಹಾಡಲಿಲ್ಲವೆಂಬ ಮಾತ್ರಕ್ಕೆ ಅಗೌರವ ತೋರಿದಂತಾಗದೆಂಬುದು ನ್ಯಾಯಾಧೀಶರ ನಿರ್ಣಯ. ಈ ತೀರ್ಪನ್ನು ಒಪ್ಪದವರೂ ಇದ್ದಾರೆ. ಅವರ ವಾದವನ್ನೂ ತರಗತಿಯಲ್ಲಿ ಪೂರ್ಣವಾಗಿ ಹೇಳಿ, ಅನಂತರ ತೀರ್ಪನ್ನು ಓದಿಸಬೇಕು. ತಮ್ಮ ವಯಸ್ಸಿನ ಮೂವರಿಗಾಗಿ ದೇಶದ ಅತ್ಯುಚ್ಚ ನ್ಯಾಯಾಲಯ ಕುಳಿತು ವಿಚಾರಿಸಿತೆಂಬುದನ್ನು ಅರಿತ ಮಕ್ಕಳಿಗೆ ಸಂವಿಧಾನದ ಮೇಲೆ ಗೌರವ ಹೆಚ್ಚುತ್ತದೆಯೇ ಹೊರತು ಕುಂದದು.

ಮಠಗಳಿಗೂ ಈ ಪಾಠದಿಂದ ವಿನಾಯಿತಿಯಿಲ್ಲ. ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತಿಯವರು ಕೇರಳದ ಭೂಸುಧಾರಣಾ ಕಾನೂನಿನಿಂದ ಮಠದ ಭೂಮಿಗೆ ಬಂದ ಆತಂಕವನ್ನು ನಿವಾರಿಸಲು 1970ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 13 ನ್ಯಾಯಾಧೀಶರ ಪೀಠ 68 ದಿನ ವಾದವನ್ನು ಆಲಿಸಿ, 1973ರ ಏಪ್ರಿಲ್ 24ರಂದು, 7ಕ್ಕೆ 6ರ ಬಹುಮತದಿಂದ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲಸ್ವರೂಪವನ್ನು ಕೆಡಿಸಲಾಗದು ಎಂದು ಹೇಳಿತು. ಭೂಸುಧಾರಣೆ ನಿಲ್ಲಲಿಲ್ಲ. ಉಳುವವನಿಗೆ ನೆಲ ಬೇಕೆಂಬ ವಾದವೂ ನ್ಯಾಯವಾದುದೇ ಆಗಿತ್ತು. ಮಠ ಕೇಳಿದ್ದು ತನ್ನ ಭೂಮಿಯನ್ನು. ಅದರಿಂದ ದೊರೆತದ್ದು ದೇಶದ ಪ್ರತಿಯೊಬ್ಬ ಪ್ರಜೆಗೂ ಒಂದು ರಕ್ಷೆ. ಮಠದ ಶಾಲೆಯಲ್ಲಿ ಈ ಪ್ರಕರಣವನ್ನು ಬೋಧಿಸುವಾಗ ಸ್ವಾಮಿಗಳ ಪಕ್ಷವನ್ನಷ್ಟೇ ಹೇಳಿ ಗೇಣಿದಾರನ ಪಕ್ಷವನ್ನು ಬಿಟ್ಟರೆ ಅದು ನ್ಯಾಯವಾದ ಬೋಧನೆಯಾಗದು.

ಇದರಿಂದ ಶಾಲೆಯೊಳಗೆ ರಾಜಕೀಯ ನುಗ್ಗುವುದೆಂಬ ಆಕ್ಷೇಪವೂ ಉಂಟು. ಪಕ್ಷರಾಜಕೀಯಕ್ಕೆ ಶಾಲೆಯಲ್ಲಿ ಎಡೆಯಿರಬಾರದೆಂಬುದು ನಿರ್ವಿವಾದ. ಆ ಕಾರಣದಿಂದಲೇ ಪೂರ್ವಪಕ್ಷದ ಕ್ರಮ ಬೇಕು. ಎರಡೂ ಪಕ್ಷಗಳನ್ನು ಸಮಾನ ಶಕ್ತಿಯಿಂದ ಹೇಳಬಲ್ಲ ಉಪಾಧ್ಯಾಯ ಯಾವ ಪಕ್ಷದ ಪ್ರಚಾರಕನೂ ಆಗಲಾರ. ತಾನು ಒಪ್ಪದ ಮಾತನ್ನು ಅದನ್ನು ಒಪ್ಪುವವನಂತೆಯೇ ಹೇಳಿ ತೋರಿಸುವುದು ಉಪಾಧ್ಯಾಯನಿಗೆ ಒಂದು ತಪಸ್ಸು. ಅದನ್ನು ನೋಡಿದ ವಿದ್ಯಾರ್ಥಿ ಎದುರಾಳಿಯನ್ನು ವೈರಿಯೆಂದು ಎಣಿಸದಿರುವುದನ್ನು ಕಲಿಯುತ್ತಾನೆ.

ಕೊನೆಯದಾಗಿ, ಪುಸ್ತಕದ ಪಾಠಕ್ಕೆ ಶಾಲೆಯ ನಡೆವಳಿಕೆ ಸಾಕ್ಷಿಯಾಗಬೇಕು. ಬಿಸಿಯೂಟವನ್ನು ದಲಿತ ಮಹಿಳೆ ಬೇಯಿಸಿದಳೆಂದು ಮಕ್ಕಳನ್ನು ಊಟಕ್ಕೆ ಕೂರಿಸದ ಪೋಷಕರ ಸುದ್ದಿ ನಮ್ಮ ನಾಡಿನಿಂದಲೂ ಪತ್ರಿಕೆಗಳಲ್ಲಿ ಬಂದಿದೆ. ಶೌಚಾಲಯವನ್ನು ತೊಳೆಯುವ ಕೆಲಸವನ್ನು ಕೆಲವೇ ಮಕ್ಕಳಿಗೆ ಹೇಳುವ ಶಾಲೆಯಲ್ಲಿ 17ನೆಯ ವಿಧಿಗೆ ಎಷ್ಟು ಅಂಕ ಬಂದರೂ ಪ್ರಯೋಜನವೇನು? ಶಾಲಾ ಸಂಸತ್ತಿನ ಚುನಾವಣೆ ಪ್ರಾಮಾಣಿಕವಾಗಿ ನಡೆಯಲಿ. ಮಕ್ಕಳ ಗ್ರಾಮಸಭೆಯಲ್ಲಿ ಅವರು ಕುಡಿಯುವ ನೀರನ್ನೂ ರಸ್ತೆಯನ್ನೂ ಕುರಿತು ಕೇಳಿದ ಪ್ರಶ್ನೆಗೆ ಪಂಚಾಯಿತಿಯವರು ಉತ್ತರ ಕೊಡಲಿ. ಶಿಕ್ಷೆಗೆ ಮುನ್ನ ತಪ್ಪಿತಸ್ಥನೆನಿಸಿದ ಹುಡುಗನ ಮಾತನ್ನು ಮುಖ್ಯೋಪಾಧ್ಯಾಯರು ಕೇಳಲಿ. ಇವುಗಳಿಗೆ ಹಣ ಬೇಕಾಗಿಲ್ಲ, ಸರ್ಕಾರದ ಆದೇಶವೂ ಬೇಕಾಗಿಲ್ಲ.

ಸಾಂವಿಧಾನಿಕ ನೈತಿಕತೆ ಮನುಷ್ಯನಲ್ಲಿ ಹುಟ್ಟಿನಿಂದ ಬರುವ ಭಾವವಲ್ಲ, ಅದನ್ನು ಬೆಳೆಸಬೇಕಾಗುತ್ತದೆ ಎಂದು ಅಂಬೇಡ್ಕರರು 1948ರ ಅದೇ ನವೆಂಬರ್ 4ರ ಭಾಷಣದಲ್ಲಿ ಎಚ್ಚರಿಸಿದ್ದರು. ಬೆಳೆಸಬೇಕಾದುದಕ್ಕೆ ಹೊಲವೂ ಬೇಕು, ಹದವೂ ಬೇಕು. ಪ್ರೌಢಶಾಲೆ ಆ ಹೊಲ. ಹದಿನಾಲ್ಕು ಹದಿನೈದರ ವಯಸ್ಸು ಆ ಹದ. ವಾಚಕರು ತಮ್ಮ ಮಕ್ಕಳು ಇಂದು ಸಂಜೆ ಮನೆಗೆ ಬಂದಾಗ ಎಷ್ಟು ಅಂಕ ಬಂತೆಂದು ಕೇಳುವುದರ ಜೊತೆಗೆ, ಇಂದಿನ ಪಾಠದಲ್ಲಿ ಯಾರು ಯಾರ ಮಾತನ್ನು ಒಪ್ಪಲಿಲ್ಲ, ಏಕೆ ಒಪ್ಪಲಿಲ್ಲ ಎಂದೂ ಕೇಳಲಿ. ಉತ್ತರ ಹೇಳುವಷ್ಟು ಪಾಠ ನಡೆದಿರದಿದ್ದರೆ, ಶಾಲೆಗೆ ಹೋಗಿ ಅದನ್ನು ವಿನಯದಿಂದ ವಿಚಾರಿಸುವುದು ತಂದೆತಾಯಿಗಳ ಪೌರನೀತಿಯೇ ಆಗಿದೆ.