ಬೇಲಿಯ ಹೊಣೆ ಯಾರದು?

ಬೇಲಿಯಿಲ್ಲದ ಹೊಲಕ್ಕೆ ದನ ನುಗ್ಗಿದರೆ ಬೈಯಬೇಕಾದದ್ದು ದನವನ್ನೋ, ದನದ ಒಡೆಯನನ್ನೋ, ಬೇಲಿ ಹಾಕದ ನಮ್ಮನ್ನೋ? ವಿದೇಶೀ ಬಂಡವಾಳದ ಮಾತು ಬಂದಾಗಲೆಲ್ಲ ಈ ಪ್ರಶ್ನೆ ನಮ್ಮನ್ನು ಕಾಡುತ್ತದೆ. ಹೊರಗಿನ ಹಣ ನಾಡಿನ ನೀರು-ಗಾಳಿಯನ್ನು ಕೆಡಿಸುತ್ತದೆಂದು ಕೆಲವರ ವಾದ. ಒಳ್ಳೆಯ ಯಂತ್ರ, ಹೊಸ ತಿಳಿವಳಿಕೆ ತಂದು ಕಾಪಾಡುತ್ತದೆಂದು ಇನ್ನು ಕೆಲವರ ವಾದ. ಎರಡೂ ನಿಜವಾಗಬಲ್ಲವು. ಯಾವುದು ನಿಜವಾದೀತೆಂಬುದು ಬಹುಮಟ್ಟಿಗೆ ಆ ಹಣ ಬಂದಿಳಿಯುವ ನೆಲದ ಕಾನೂನಿಗೆ ಬಿಟ್ಟದ್ದು.

ಭೋಪಾಲವನ್ನೇ ನೋಡೋಣ. ಅಲ್ಲಿಯ ಕಾರ್ಖಾನೆಯ ಕಂಪನಿಯಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡಿನ ಪಾಲು ಶೇಕಡಾ 50.9. ಒಡೆತನದ ಲೆಕ್ಕವನ್ನು ಸರ್ಕಾರ ದಶಾಂಶದವರೆಗೂ ಇಟ್ಟಿತ್ತು. ತೊಟ್ಟಿಯೊಳಗಿನ ವಿಷದ ಲೆಕ್ಕ ಕೇಳಿದವರಿಲ್ಲ. ಮಿಥೈಲ್ ಐಸೊಸಯನೇಟಿಗೆ ನೀರು ಸೇರಿದರೆ ಶಾಖ ಹುಟ್ಟಿ ಒತ್ತಡ ಏರುತ್ತದೆಂಬುದು ರಸಾಯನಶಾಸ್ತ್ರ ಓದಿದವರಿಗೆ ತಿಳಿದದ್ದೇ. 1984ರ ಡಿಸೆಂಬರ್ 2ರ ರಾತ್ರಿ ಆದದ್ದು ಅದೇ. ತೊಟ್ಟಿಯನ್ನು ತಂಪಾಗಿಡುವ ಯಂತ್ರ ತಿಂಗಳುಗಳಿಂದ ನಿಂತಿತ್ತು. 1948ರ ಕಾರ್ಖಾನೆ ಕಾಯಿದೆಯೂ ಇತ್ತು, ತನಿಖೆಯ ಅಧಿಕಾರವೂ ಇತ್ತು. ಇರಲಿಲ್ಲವಾದದ್ದು ಅದನ್ನು ನಡೆಸುವ ಮನಸ್ಸು.

ಮುಂದಿನದು ಇನ್ನೂ ನಾಚಿಕೆಯ ಕಥೆ. ಇಂಥ ವ್ಯಾಜ್ಯ ನಮ್ಮ ನ್ಯಾಯಾಲಯಗಳಿಗೆ ನಿಲುಕದೆಂದು ನ್ಯೂಯಾರ್ಕಿನಲ್ಲಿ ವಾದಿಸಿದ್ದು ನಮ್ಮದೇ ಸರ್ಕಾರ. ಅವನ್ನು ಹೊಗಳಿದ್ದು ಕಂಪನಿ! 1986ರಲ್ಲಿ ಮೊಕದ್ದಮೆ ಇಲ್ಲಿಗೇ ಮರಳಿತು. 330 ಕೋಟಿ ಡಾಲರ್ ಕೇಳಿದ್ದವರು 1989ರಲ್ಲಿ 47 ಕೋಟಿಗೆ ಒಪ್ಪಿದರು. ಹೆಚ್ಚಿನ ಪರಿಹಾರಕ್ಕಾಗಿ ಹಾಕಿದ ಕೊನೆಯ ಅರ್ಜಿಯೂ 2023ರಲ್ಲಿ ವಜಾ ಆಯಿತು.

ಅದೇ ಸಂಸ್ಥೆಯ ವೆಸ್ಟ್ ವರ್ಜೀನಿಯಾದ ಕಾರ್ಖಾನೆಯಲ್ಲಿ 1985ರಲ್ಲಿ ವಿಷ ಸೋರಿತು. ಮರುವರ್ಷವೇ, ಸುತ್ತಲ ಜನಕ್ಕೆ ಕಾರ್ಖಾನೆಯ ವಿಷಗಳ ವಿವರ ತಿಳಿಸಬೇಕೆಂಬ ಕಾಯಿದೆ ಅಮೆರಿಕದಲ್ಲಿ ಬಂತು. ನಾವೂ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಮಾಡಿದೆವು. ಅಪಾಯದ ಉದ್ಯಮ ನಡೆಸುವವನು ಯಾವ ನೆಪವನ್ನೂ ಹೇಳದೆ ಹಾನಿ ತುಂಬಬೇಕೆಂದು ಸುಪ್ರೀಂ ಕೋರ್ಟು ಅದೇ ವರ್ಷ ತೀರ್ಪಿತ್ತಿತು. ಗಮನಿಸಿ, ಆ ತೀರ್ಪಿಗೆ ಕಾರಣವಾದ ದೆಹಲಿಯ ಅನಿಲ ಸೋರಿಕೆ ಸ್ವದೇಶೀ ಕಾರ್ಖಾನೆಯದು. ಹೊಗೆಗೆ ಪಾಸ್‌ಪೋರ್ಟ್ ಇಲ್ಲ.

ಕಾನೂನು ಬಿಗಿಯಾದರೆ ಬಂಡವಾಳ ಓಡಿಹೋದೀತೆಂಬ ಅಂಜಿಕೆ ಸುಳ್ಳಲ್ಲ. ಕೆಲಸಕ್ಕಾಗಿ ಕಾದಿರುವ ಹುಡುಗನ ಮನೆಯಲ್ಲಿ ಅದು ದೊಡ್ಡ ಮಾತೇ. ಆದರೆ ನಮ್ಮ ಸಡಿಲತನವನ್ನೇ ನಂಬಿ ಬಂದ ಹಣ ಕೊಡುವ ಕೂಲಿಯಲ್ಲಿ ಅವನ ಮಕ್ಕಳ ಉಸಿರಿನ ಬೆಲೆ ಸೇರಿರುತ್ತದೆಯೆ?

ಕಾನೂನೆಂದರೆ ಎಲ್ಲೋ ದೂರದ ಗ್ರಂಥವಲ್ಲ. ಅದು ಕಡತ, ಅದರ ಮೇಲೊಂದು ಟಿಪ್ಪಣಿ, ಅದರ ಕೆಳಗೊಂದು ರುಜು. ಕಚೇರಿಗಳಲ್ಲಿ ಕುಳಿತು ನಮ್ಮಂಥ ಗುಮಾಸ್ತರು 'ಮೇಲಿನವರು ನೋಡಿಕೊಳ್ಳುತ್ತಾರೆ' ಎಂದು ಕಡತ ಸರಿಸುತ್ತೇವೆ; ಮೇಲಿನವರು 'ಕೆಳಗಿನವರು ನೋಡಿದ್ದಾರೆ' ಎಂದು ರುಜು ಹಾಕುತ್ತಾರೆ. ಬೇಲಿ ಬೀಳುವುದು ಹೀಗೆಯೇ, ಒಂದೊಂದೇ ಗೂಟ. ದನದ ಒಡೆಯನನ್ನು ಅಗತ್ಯವಾಗಿ ಹಿಡಿದು ಕೇಳೋಣ. ಹಾಗೆ ಕೇಳಲು ಹೊರಡುವ ಮುನ್ನ ನಮ್ಮ ಪಾಲಿನ ಗೂಟ ನಿಂತಿದೆಯೇ ಎಂದು ಒಮ್ಮೆ ಅಲುಗಿಸಿ ನೋಡುವುದು ಮೇಲು.